ಕೇರಿಯ ಮಡಕೆ, ಊರಿನ ಹಗೇವು

ದಲಿತ ವಿಮರ್ಶೆಯ ಈ ಸಂಚಿಕೆಗೆ ಬೀಜದ ಬಗ್ಗೆ ಬರೆಯುತ್ತೇನೆ ಎಂದಾಗ ಗೆಳೆಯರೊಬ್ಬರು, 'ಅದು ರೈತ ಸಂಘದೋರ ವಿಷಯ ಅಲ್ವೇನಯ್ಯಾ?' ಎಂದು ನಕ್ಕರು. ಅವರು ನಕ್ಕಿದ್ದರಲ್ಲಿ ತಪ್ಪಿಲ್ಲ. ಇಷ್ಟು ವರ್ಷ ನಾವು ಕಾವ್ಯ, ಕಾದಂಬರಿ, ಶಾಸನ, ಸ್ಥಳಪುರಾಣಗಳನ್ನು ಓದಿ, ಅಲ್ಲಿ ನಮ್ಮನ್ನು ಎಲ್ಲಿ ನಿಲ್ಲಿಸಿದ್ದಾರೆ ಎಂದು ಹುಡುಕಿದ್ದೇವೆ. ಬೀಜದ ಚರಿತ್ರೆಯೂ ಒಂದು ಪಠ್ಯ, ಅಲ್ಲೂ ನಮ್ಮನ್ನು ಎಲ್ಲೋ ನಿಲ್ಲಿಸಿದ್ದಾರೆ ಎನ್ನುವುದು ನನಗೆ ಹೊಳೆದದ್ದು ತಡವಾಗಿ. ಅದೂ ಒಂದು ಕಾಯಿದೆಯ ಒಂದು ಸಾಲಿನಿಂದ.

2001ರಲ್ಲಿ ಪಾರ್ಲಿಮೆಂಟು ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯನ್ನು ಮಾಡಿತು. ರೈತ ತನ್ನ ಬೆಳೆಯಿಂದ ಬೀಜ ತೆಗೆದಿಡಬಹುದು, ಬಿತ್ತಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಬದಲಾಯಿಸಿಕೊಳ್ಳಬಹುದು, ಮಾರಲೂಬಹುದು; ಕಂಪನಿಯ ಹೆಸರು ಒತ್ತಿ ಮಾರುವಂತಿಲ್ಲ, ಅಷ್ಟೆ. ಅದರ 39ನೆಯ ಕಲಮು ಇದು. ಹೋರಾಡಿ ಪಡೆದ ಕಲಮು, ಸಣ್ಣದಲ್ಲ. 2019ರಲ್ಲಿ ಪೆಪ್ಸಿಕೋ ಕಂಪನಿ ಗುಜರಾತಿನ ಆಲೂಗಡ್ಡೆ ಬೆಳೆಗಾರರ ಮೇಲೆ ತಲಾ ಕೋಟಿ ರೂಪಾಯಿಗೂ ಹೆಚ್ಚಿನ ದಾವೆ ಹೂಡಿದಾಗ ರೈತರ ಪರ ನಿಂತವರು ಹಿಡಿದದ್ದು ಇದೇ ಗುರಾಣಿಯನ್ನು. ಕಂಪನಿ ದಾವೆ ವಾಪಸು ತೆಗೆದುಕೊಂಡಿತು.

ಆದರೆ ನಾನು ಹೇಳಹೊರಟಿರುವುದು ಆ ಕಲಮಿಗೂ ಮುಂಚೆ ಬರುವ ವ್ಯಾಖ್ಯೆಯನ್ನು. 'ರೈತ' ಅಂದರೆ ಯಾರು? ಕಾಯಿದೆ ಮೂರು ಥರದವರನ್ನು ಗುರುತಿಸುತ್ತದೆ. ತಾನೇ ಭೂಮಿ ಉತ್ತು ಬೆಳೆಯುವವನು ಒಬ್ಬ. ಬೇರೊಬ್ಬ ವ್ಯಕ್ತಿಯ ಮೂಲಕ ಬೇಸಾಯ ಮಾಡಿಸಿ, ನೇರ ಮೇಲ್ವಿಚಾರಣೆ ನೋಡಿಕೊಳ್ಳುವವನು ಇನ್ನೊಬ್ಬ. ಕಾಡುತಳಿ, ನಾಡತಳಿಗಳನ್ನು ಕಾಪಾಡುವವರು, ಅವುಗಳ ಗುಣ ಗುರುತಿಸಿ ಆಯುವವರು ಮೂರನೆಯವರು. ಎರಡನೆಯದರಲ್ಲಿ ಒಬ್ಬ 'ಬೇರೊಬ್ಬ ವ್ಯಕ್ತಿ' ಬಂದು ಹೋಗುತ್ತಾನಲ್ಲ, ಅವನ ಹೆಸರಿಲ್ಲ, ಹಕ್ಕಿಲ್ಲ, ಅವನ ಮೂಲಕ ಇನ್ನೊಬ್ಬ ರೈತನಾಗುತ್ತಾನೆ. ಅವನನ್ನು ನಾನು ಬಲ್ಲೆ. ಅವನು ಅವಳು. ನಮ್ಮವ್ವ, ನಮ್ಮವ್ವನ ಅವ್ವ.

ಅಜ್ಜಂಪುರ ಈಗ ತಾಲ್ಲೂಕು. ನಾನು ಓದುವಾಗ ತರೀಕೆರೆ ತಾಲ್ಲೂಕಿನ ಹೋಬಳಿ. ಕಡೂರಿನ ಕಡೆಯಿಂದ ಬಂದರೆ ಮಸಾರಿ, ತರೀಕೆರೆ ಕಡೆ ತಿರುಗಿದರೆ ಮಲೆನಾಡಿನ ಸೆರಗು, ನಡುವೆ ಅಜ್ಜಂಪುರದ ಸುತ್ತ ಎರೆ. ಎರೆಯಲ್ಲಿ ಜೋಳ, ಹತ್ತಿ, ಕಡಲೆ. ಮಸಾರಿಯಲ್ಲಿ ರಾಗಿ, ಅದರ ನಡುವೆ ಅಕ್ಕಡಿ ಸಾಲು: ಅವರೆ, ತೊಗರಿ, ಹುಚ್ಚೆಳ್ಳು, ಅಂಚಿಗೆ ಹರಳು. ನಮ್ಮ ಕೇರಿಗೆ ಎರೆಯೂ ಇರಲಿಲ್ಲ, ಮಸಾರಿಯೂ ಇರಲಿಲ್ಲ. ಆದರೂ ಅಜ್ಜಿಯ ಅಟ್ಟದ ಮೇಲೆ ಬೀಜ ಇತ್ತು. ಸೋರೆ ಬುರುಡೆಯಲ್ಲಿ ಬೂದಿ ಬೆರೆಸಿದ ರಾಗಿ, ಮಡಕೆಯಲ್ಲಿ ಕೆಮ್ಮಣ್ಣು ಕಟ್ಟಿ ಒಣಗಿಸಿದ ತೊಗರಿ, ಹಳೇ ಸೀರೆ ಚೂರಿನ ಗಂಟುಗಳಲ್ಲಿ ಅವರೆ, ಅಲಸಂದೆ, ಹರಿವೆ, ಕುಂಬಳ. ಭೂಮಿ ಇಲ್ಲದವಳ ಮನೆಯಲ್ಲಿ ಬೀಜ ಯಾಕಿತ್ತು? ಈ ಪ್ರಶ್ನೆಯನ್ನು ನಾನು ಚಿಕ್ಕವನಿದ್ದಾಗ ಕೇಳಲಿಲ್ಲ. ಚರಿತ್ರೆ ಬರೆದವರೂ ಕೇಳಿಲ್ಲ.

ಬೀಜ ಅವಳಿಗೆ ಬಂದದ್ದು ಕಣದಿಂದ. ಸುಗ್ಗಿಯಲ್ಲಿ ಕೂಲಿ ಅಂದರೆ ಕಾಳು. ತೋಟಿ, ತಳವಾರರಿಗೆ ಆಯದ ಪಾಲು ಬೇರೆ. ಎಲ್ಲಾ ಅಳೆದು ಮುಗಿದ ಮೇಲೆ ಕಣ ಗುಡಿಸಿದ ಕಾಳು ಕೇರಿಯ ಹೆಂಗಸರಿಗೆ. ಮಣ್ಣು, ಹೊಟ್ಟು, ಕಲ್ಲು ಬೆರೆತ ಆ ಕಾಳನ್ನು ಮರದಲ್ಲಿ ಕೇರಿ, ಹಸನು ಮಾಡಿ, ಉಣ್ಣುವುದನ್ನು ಉಂಡು, ಒಳ್ಳೆಯದನ್ನು ಎತ್ತಿಡುತ್ತಿದ್ದಳು. ಒಬ್ಬ ಗೌಡರ ಹಗೇವಿನಲ್ಲಿ ಅವರ ಹೊಲದ ರಾಗಿ ಮಾತ್ರ ಇರುತ್ತದೆ. ಹತ್ತು ಕಣ ಗುಡಿಸುವವಳ ಮಡಕೆಗೆ ಹತ್ತು ಹೊಲದ ರಾಗಿ ಬರುತ್ತದೆ. ಇವತ್ತು ವಿಜ್ಞಾನಿಗಳು ಜೀವವೈವಿಧ್ಯ ಎಂದು ಕರೆಯುವುದು ನಮ್ಮ ಕೇರಿಯಲ್ಲಿ ಹತ್ತು ಕಣದ ಕಸವಾಗಿತ್ತು.

ಆ ಬೀಜ ವಾಪಸು ಊರಿಗೂ ಹೋಗುತ್ತಿತ್ತು. ಬಿತ್ತುವಾಗ ಕೂರಿಗೆ ಹಿಡಿಯುವವನು ಗಂಡಸು. ಕೂರಿಗೆಯ ಹಿಂದೆ ಕಟ್ಟಿದ ಬಿದಿರು ಕೊಳವೆಗೆ ಅವರೆಯನ್ನೋ ತೊಗರಿಯನ್ನೋ ಒಂದೊಂದೇ ಬಿಡುತ್ತಾ ನಡೆಯುವವಳು ಕೂಲಿ ಹೆಂಗಸು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕೂರಿಗೆಯನ್ನೂ ಕೊಳವೆಯನ್ನೂ ಬಲು ಶ್ರದ್ಧೆಯಿಂದ ವರ್ಣಿಸಿದ್ದಾನೆ. ಶ್ರೀರಂಗಪಟ್ಟಣದ ಸುತ್ತ ರಾಗಿಯಲ್ಲಿ ಕರಿ, ಕೆಂಪು, ಹುಲುಪುರಿಯ ಎಂದು ಮೂರು ಬಗೆ ಇವೆ ಎಂದೂ ಬರೆದುಕೊಂಡಿದ್ದಾನೆ. ಅವನಿಗೆ ಮಾಹಿತಿ ಕೊಟ್ಟವರು ಊರಿನವರು. ಕೊಳವೆಗೆ ಕಾಳು ಬಿಡುವ ಕೈಯನ್ನು ಕೇಳಿದ್ದರೆ ಮೂರಕ್ಕೇ ನಿಲ್ಲುತ್ತಿತ್ತೆ? ಹಸಿರುಕಂಬಿ, ಕರಿಗಿಡ್ಡ, ದೊಡ್ಡರಾಗಿ, ರುದ್ರಜಡೆ, ಜಡೆಶಂಕರ, ಮಜ್ಜಿಗೆ ರಾಗಿ ಎಂದು ಹಳೇ ಮೈಸೂರಿನಲ್ಲಿ ಇವತ್ತಿಗೂ ಕೇಳಿಬರುವ ಹೆಸರುಗಳೇ ಎಷ್ಟೊಂದಿವೆ. ತೆನೆಯ ಆಕಾರ, ಕಡ್ಡಿಯ ಬಣ್ಣ, ಗಿಡದ ಎತ್ತರ ನೋಡಿ ಇಟ್ಟ ಹೆಸರುಗಳು ಇವು. ಬಗ್ಗಿ ಕುಯ್ಯುವವರಿಗೆ ಮಾತ್ರ ಕಾಣುವ ಗುರುತುಗಳು.

ಇಲ್ಲೊಂದು ಸೂಕ್ಷ್ಮವಿದೆ, ಅದನ್ನು ನಾನು ಒತ್ತಿ ಹೇಳಬೇಕು. ನಮ್ಮ ಮನೆಯ ಮುದ್ದೆ ಊರಿಗೆ ಮೈಲಿಗೆ. ನಮ್ಮ ಮನೆಯ ಬೀಜ ಊರಿಗೆ ಮೈಲಿಗೆಯಲ್ಲ. ಬೆಂದದ್ದಕ್ಕೆ ಜಾತಿ ಅಂಟುತ್ತದೆ, ಹಸಿ ಕಾಳಿಗೆ ಅಂಟುವುದಿಲ್ಲ. 'ತೊಗರಿ ಬೀಜ ಅದಾವೇನೇ?' ಎಂದು ಕೇರಿಯ ಬಾಯಿಗೆ ಬಂದು ನಿಂತು ಕೇಳುತ್ತಿದ್ದ ಗೌಡ್ತಿಯನ್ನು ನಾನು ಕಂಡಿದ್ದೇನೆ. ಅಜ್ಜಿ ಮೊರದಲ್ಲಿ ತಂದು ನೆಲದ ಮೇಲಿಡುತ್ತಿದ್ದಳು, ಆಕೆ ಸೆರಗಿಗೆ ಸುರಿದುಕೊಳ್ಳುತ್ತಿದ್ದಳು. ಜಾತಿ ಬೀಜವನ್ನು ಬಿಟ್ಟುಕೊಟ್ಟು ಬೀಜ ಕಾಪಾಡಿದವಳನ್ನು ಹೊರಗೆ ನಿಲ್ಲಿಸಿದ ಬಗೆ ಇದು. ಅನ್ನವಾಗಿದ್ದರೆ ಕೊಟ್ಟವರ ಹೆಸರು ಅದರ ಜೊತೆ ಹೋಗುತ್ತಿತ್ತು, ಬೈಗುಳವಾಗಿಯಾದರೂ. ಬೀಜವಾದ್ದರಿಂದ ಹೆಸರಿಲ್ಲದೆ ಹೋಯಿತು. ಕೃಷಿ ಚರಿತ್ರೆಯಲ್ಲಿ ನಮ್ಮ ಗೈರುಹಾಜರಿಗೆ ಅಸ್ಪೃಶ್ಯತೆಯಷ್ಟೇ ಕಾರಣವಲ್ಲ. ಅಸ್ಪೃಶ್ಯತೆ ಎಲ್ಲಿ ತನ್ನ ಅನುಕೂಲಕ್ಕೆ ಕಣ್ಣು ಮುಚ್ಚಿತೋ ಅಲ್ಲೂ ನಾವು ಕಾಣೆಯಾಗಿದ್ದೇವೆ.

ಕನಕದಾಸರ ರಾಮಧಾನ್ಯ ಚರಿತೆಯನ್ನು ನಾವೆಲ್ಲ ಜಾತಿ ರೂಪಕವಾಗಿ ಓದಿದ್ದೇವೆ. ಅಕ್ಕಿ ಮೇಲೋ ರಾಗಿ ಮೇಲೋ ಎಂಬ ಜಗಳ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡುವುದು, ಅಕ್ಕಿ ಬಾಡಿ ರಾಗಿ ಗಟ್ಟಿಯಾಗಿ ಉಳಿಯುವುದು, ರಾಮ ರಾಗಿಗೆ ತನ್ನ ಹೆಸರು ಕೊಡುವುದು. ಓದು ಸರಿಯೇ. ಆದರೆ ಸೆರೆಮನೆಯ ಆ ಪರೀಕ್ಷೆ ಕವಿಯ ಕಲ್ಪನೆ ಮಾತ್ರವಲ್ಲ, ಅದು ಹಗೇವಿನ ಅನುಭವ. ನೆಲದೊಳಗೆ ಮುಚ್ಚಿಟ್ಟ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ ಎಂಬುದು ಬಯಲುಸೀಮೆಯ ಎಲ್ಲರಿಗೂ ಗೊತ್ತು. ಆ ಹಗೇವಿಗೆ ಇಳಿಯುತ್ತಿದ್ದವರು ಯಾರು ಎಂಬುದೂ ಗೊತ್ತು. ಬಾಯಿ ತೆಗೆದ ಹಗೇವಿನಲ್ಲಿ ಉಸಿರು ಕಟ್ಟುವ ಗಾಳಿ ಇರುತ್ತದೆ. ಗಾಳಿ ಆಡಲು ಬಿಟ್ಟು, ದೀಪ ಇಳಿಸಿ ನೋಡಿ, ಆಮೇಲೆ ಹಗ್ಗ ಕಟ್ಟಿ ನಮ್ಮವರನ್ನು ಇಳಿಸುತ್ತಿದ್ದರು. ದೀಪ ಆರದಿದ್ದರೂ ಆಳು ಮೇಲೆ ಬಂದ ಮೇಲೇ ಧೈರ್ಯ. ರಾಗಿ ಗೆದ್ದು ರಾಮನ ಹೆಸರು ಪಡೆಯಿತು. ಅದನ್ನು ಹೊತ್ತು ಮೇಲೆ ತಂದವನ ಹೆಸರು ಕಾವ್ಯದಲ್ಲಿ ಬರುವ ಪ್ರಮೇಯವೇ ಇಲ್ಲ. ಕನಕರ ಮೇಲೆ ದೂರು ಹೇಳುತ್ತಿಲ್ಲ. ನಮ್ಮ ಓದು ರೂಪಕದಲ್ಲೇ ನಿಂತುಬಿಟ್ಟಿತಲ್ಲ, ಅದನ್ನು ಹೇಳುತ್ತಿದ್ದೇನೆ.

1873ರಲ್ಲಿ ಕ್ಯಾಪ್ಟನ್ ಮೆಕೆಂಜಿ ಎಂಬ ಅಧಿಕಾರಿ ಪಕ್ಕದ ಹಾಸನ ಸೀಮೆಯ ಹೊಲೆಯರ ಬಗ್ಗೆ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಬರೆದ. ಊರ ಗಡಿಯ ಬಗ್ಗೆ ತಕರಾರು ಬಂದರೆ ಹೊಲೆಯ ಕುಳವಾಡಿಯ ಮಾತೇ ಕೊನೆ. ಊರಿನ ಮಣ್ಣನ್ನು ಉಂಡೆ ಮಾಡಿ, ಅದರ ನಡುವೆ ನೀರಿಟ್ಟು, ತಲೆಯ ಮೇಲೆ ಹೊತ್ತು ಅವನು ಗಡಿ ನಡೆಯುತ್ತಾನೆ. ಸರಿಯಾದ ಗಡಿಯಲ್ಲಿದ್ದರೆ ಉಂಡೆ ನಿಲ್ಲುತ್ತದೆ, ಆಚೆ ತಪ್ಪಿದರೆ ಒಡೆಯುತ್ತದೆ ಎಂಬ ನಂಬಿಕೆ. ಅಂದರೆ ಭೂಮಿ ಯಾರದು ಎಂದು ಹೇಳುವ ಅಧಿಕಾರ ಭೂಮಿ ಇಲ್ಲದವನಿಗೆ! ಮೆಕೆಂಜಿಗೆ ಇದರಲ್ಲಿ ಹಿಂದೊಮ್ಮೆ ಭೂಮಿ ಇವರದೇ ಆಗಿತ್ತು ಎಂಬ ಕುರುಹು ಕಂಡಿತು. ಅದು ನಿಜವೋ ಅಲ್ಲವೋ, ಆ ಚರ್ಚೆಗೆ ನಾನು ಇಲ್ಲಿ ಹೋಗುವುದಿಲ್ಲ. ನನಗೆ ಮುಖ್ಯವಾದದ್ದು ವ್ಯವಸ್ಥೆಯ ಚಾಲಾಕಿತನ. ಮಣ್ಣಿನ ತಿಳಿವಳಿಕೆ ಕೇರಿಗೆ, ಮಣ್ಣು ಊರಿಗೆ. ಬೀಜದಲ್ಲಿ ನಡೆದದ್ದೂ ಇದೇ.

ಇದಾಗಿ ಮೂರು ವರ್ಷಕ್ಕೆ ದೊಡ್ಡ ಬರ. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷದ ಹತ್ತಿರಕ್ಕೆ ಇಳಿಯಿತು. ಬರದಲ್ಲಿ ಮೊದಲು ಸಾಯುವುದು ಕೂಲಿಯವರು. ಅವರಿಗಿಂತ ಮೊದಲು ಸಾಯುವುದು ಅವರ ಬೀಜ. ಹಗೇವು ಇದ್ದವರು ಬಿತ್ತನೆ ಉಳಿಸಿಕೊಳ್ಳಬಹುದು, ಮಡಕೆ ಇದ್ದವರು ಬಿತ್ತನೆಯನ್ನೇ ಉಣ್ಣಬೇಕು. ಅಜ್ಜಿ ಹೇಳುತ್ತಿದ್ದಳು, 'ಮಕ್ಳು ಅಳ್ತಾ ಕುಂತಾಗ ಬೀಜ ಯಾವ್ದು ಕಾಳ್ಯಾವ್ದು?' ಎಷ್ಟು ತಳಿ ಹೀಗೆ ಹೊಟ್ಟೆ ಸೇರಿದವೋ ಲೆಕ್ಕ ಇಟ್ಟವರಿಲ್ಲ.

ಲೆಕ್ಕ ಇಡುವ ವಿದ್ಯೆ ಸರ್ಕಾರಕ್ಕೆ ಗೊತ್ತಿರಲಿಲ್ಲವೆಂದಲ್ಲ. ಅಜ್ಜಂಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರ ಪಕ್ಕದಲ್ಲೇ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ತೋಪು ಎಳೆಯುವ ಎತ್ತುಗಳು ಬೇಕಿದ್ದವು, ಅದಕ್ಕೆ ಕಾವಲುಗಳನ್ನು ಮೀಸಲಿಟ್ಟರು. ಬೇಸಿಗೆಗೊಂದು, ಮಳೆಗೊಂದು, ಚಳಿಗೊಂದು ಕಾವಲು. ಹೋರಿಯನ್ನು ಆರಿಸಿ ಇಟ್ಟರು, ದನಕ್ಕೆ ಗುರುತು ಹಾಕಿದರು. ಕಂಪನಿ ಸರ್ಕಾರ ಬಂದರೂ, ಕಮಿಷನರುಗಳು ಬಂದರೂ, ನಡುವೆ 1860ರಲ್ಲಿ ಒಮ್ಮೆ ಮುಚ್ಚಿದರೂ, 1866ರಲ್ಲಿ ಮತ್ತೆ ತೆರೆದು ಸಾಕಿದರು. ಯುದ್ಧಕ್ಕೆ ಬೇಕಾದ ಎತ್ತಿನ ತಳಿ ಉಳಿಸಲು ರಾಜ್ಯಕ್ಕೆ ಭೂಮಿ ಇತ್ತು, ನೌಕರರಿದ್ದರು, ದಾಖಲೆ ಇತ್ತು. ಉಣ್ಣುವ ರಾಗಿಯ ತಳಿ ಉಳಿಸಲು ಇದ್ದದ್ದು ಕೇರಿಯ ಸೋರೆ ಬುರುಡೆ. ಎಮ್ಮೆ ಮೇಯಿಸಿಕೊಂಡು ಆ ಕಾವಲಿನ ಅಂಚಿನಲ್ಲಿ ಓಡಾಡಿದ ಹುಡುಗ ನಾನು. ಎತ್ತುಗಳ ಮೇಲೆ ಕೋಪವಿಲ್ಲ, ಅವು ಬಲು ಚೆಂದ.

ರಾಗಿಗೂ ಒಂದು ದಿನ ಸರ್ಕಾರದ ದಾಖಲೆ ಸಿಕ್ಕಿತು. ಲೆಸ್ಲಿ ಕೋಲ್ಮನ್ ಕೃಷಿ ಇಲಾಖೆಯಲ್ಲಿದ್ದ ಕಾಲದಲ್ಲಿ ರಾಗಿ ಆಯ್ಕೆಯ ಕೆಲಸ ಶುರುವಾಗಿ 1918ರಲ್ಲಿ ಎಚ್-22 ಹೊರಬಂತು. ಬೆರಕೆಯಾಗಿ ಬೆಳೆಯುವ ನಾಡರಾಗಿಯಲ್ಲಿ ಒಳ್ಳೆ ತೆನೆಯನ್ನು ಆರಿಸಿ, ಬೇರೆ ಬಿತ್ತಿ, ಮತ್ತೆ ಆರಿಸುವುದು ಆ ಕಾಲದ ತಳಿವಿಜ್ಞಾನದ ದಾರಿ. ಅಜ್ಜಿ ಕುಯ್ಲಿನಲ್ಲಿ ಮಾಡುತ್ತಿದ್ದದ್ದರ ಮೊದಲ ಹೆಜ್ಜೆಯೂ ಇದೇ. ವ್ಯತ್ಯಾಸ ಇಲ್ಲದಿಲ್ಲ; ವಿಜ್ಞಾನಿ ಒಂದನ್ನು ಉಳಿಸಿಕೊಂಡು ಉಳಿದದ್ದನ್ನು ಕಳೆಯುತ್ತಾನೆ, ಅವಳು ಯಾವುದನ್ನೂ ಕಳೆಯುತ್ತಿರಲಿಲ್ಲ, ಯಾವ ಮಳೆಗೆ ಯಾವುದು ಬರುತ್ತದೋ ಎಂಬ ಹೆದರಿಕೆಯಿಂದ. ಮುಂದೆ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಬೆಸುಗೆ ಹಾಕಿ ಇಂಡಾಫ್ ತಳಿಗಳನ್ನು ತಂದರು. ಇದನ್ನು ನಾನು ಹಗುರವಾಗಿ ಹೇಳಲಾರೆ. ಇಂಡಾಫ್ ಬಂದ ಮೇಲೆ ಗೌಡರ ಕಣದಲ್ಲಿ ರಾಶಿ ದೊಡ್ಡದಾಯಿತು, ನಮ್ಮ ಕಾಳಿನ ಕೂಲಿಯೂ ಒಂದೆರಡು ಸೇರು ಏರಿತು, ನಾವು ಹೊಟ್ಟೆ ತುಂಬಾ ಮುದ್ದೆ ಉಂಡೆವು. ನಾಡತಳಿ ಹೋಯಿತು ಎಂದು ಗೋಳಿಡುವ ಪ್ರಬಂಧಗಳಲ್ಲಿ ಈ ಮುದ್ದೆಯ ಮಾತು ಬರುವುದಿಲ್ಲ.

ಹತ್ತಿಯ ಕಥೆ ಬೇರೆ. 1972ರಲ್ಲಿ ಧಾರವಾಡದ ಕಡೆಯಿಂದ ವರಲಕ್ಷ್ಮಿ ಹೈಬ್ರಿಡ್ ಬಂತು, ಆಮೇಲೆ ಜಯಲಕ್ಷ್ಮಿ. ಹೈಬ್ರಿಡ್ ಬೀಜವನ್ನು ಎತ್ತಿಟ್ಟು ಬಿತ್ತಿದರೆ ಮುಂದಿನ ವರ್ಷ ಅದೇ ಗುಣ ಬರುವುದಿಲ್ಲ. ಅಲ್ಲಿಗೆ ಎರೆ ಭೂಮಿಯಲ್ಲಿ ಎತ್ತಿಡುವ ರೂಢಿಯೇ ತಪ್ಪಿತು. ಆ ಬೀಜ ತಯಾರಾಗುವುದು ಹೇಗೆ? ಒಂದೊಂದು ಮೊಗ್ಗನ್ನೂ ಕೈಯಿಂದ ಬಿಡಿಸಿ ಕೇಸರ ಕಿತ್ತು, ಮಾರನೆಯ ದಿನ ಬೇರೆ ಹೂವಿನ ಪರಾಗ ಮುಟ್ಟಿಸಬೇಕು. ಬೀರೂರು, ಅಜ್ಜಂಪುರ, ಚಿಕ್ಕಜಾಜೂರು, ದಾವಣಗೆರೆ, ಹರಿಹರ ದಾಟಿ ಇದೇ ರೈಲಿನಲ್ಲಿ ಹೋದರೆ ಸಿಗುವ ರಾಣೆಬೆನ್ನೂರು ಸೀಮೆ ಇಂಥ ಬೀಜೋತ್ಪಾದನೆಗೆ ಹೆಸರಾಯಿತು. ಮೊಗ್ಗು ಬಿಡಿಸುವ ಸಣ್ಣ ಬೆರಳುಗಳು ಬೇಕು ಅಂತ ಹೆಣ್ಣುಮಕ್ಕಳನ್ನೇ ಕರೆದೊಯ್ಯುತ್ತಿದ್ದರು. ಬೀಜ ಕಂಪನಿಯದಾಯಿತು, ಕೈ ಮಾತ್ರ ಹಳೆಯದೇ, 'ಬೇರೊಬ್ಬ ವ್ಯಕ್ತಿ'ಯದು.

ಇಷ್ಟಾದ ಮೇಲೆ 1991ರ ಡಂಕೆಲ್ ಪ್ರಸ್ತಾವನೆ ಬಂತು. ಬೀಜದ ಮೇಲೆ ಕಂಪನಿಗಳ ಯಜಮಾನಿಕೆ ಬರುತ್ತದೆಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿ ಊರೂರು ತಿರುಗಿ ಹೇಳಿದರು. 1992ರ ಡಿಸೆಂಬರ್ ಕೊನೆಯಲ್ಲಿ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿ ಕಾಗದಪತ್ರ ಸುಟ್ಟರು. 1993ರ ಜುಲೈನಲ್ಲಿ ಬಳ್ಳಾರಿ ಕಡೆಯ ಕಾರ್ಗಿಲ್ ಘಟಕ ಕೆಡವಿದರು. ಅದೇ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಬೀಜ ಸತ್ಯಾಗ್ರಹದ ಬೃಹತ್ ಸಭೆಗೆ ನಾನೂ ಹೋಗಿದ್ದೆ. ಕಾಲೇಜು ಹುಡುಗ, ನೀಲಿ ಬಾವುಟದವನು, ಹೆಗಲ ಮೇಲೆ ಯಾರೋ ಕೊಟ್ಟ ಹಸಿರು ಟವೆಲ್ಲು. ವೇದಿಕೆಯ ಮಾತು ಕೇಳಿ ಮೈ ಜುಮ್ಮೆಂದಿತು, ಸುಳ್ಳು ಹೇಳಲಾರೆ. ಬೀಜ ಎಂದರೆ ಸ್ವಾತಂತ್ರ್ಯ ಎಂಬುದು ಅವತ್ತು ಅರ್ಥವಾಯಿತು. ವಾಪಸು ಬರುವಾಗ ದಾರಿಯಲ್ಲಿ ಬುತ್ತಿ ಬಿಚ್ಚಿದರು. ನನ್ನ ಊರು, ಕೇರಿ ತಿಳಿದವರೊಬ್ಬರು ರೊಟ್ಟಿಯನ್ನು ಮೇಲಿಂದ ನನ್ನ ಕೈಗೆ ಹಾಕಿದರು. ಕಾರ್ಗಿಲ್ಲಿನ ವಿರುದ್ಧ ನಾವಿಬ್ಬರೂ ಒಂದೇ. ಬೆಂದ ರೊಟ್ಟಿಯ ಮುಂದೆ ಬೇರೆ ಬೇರೆ. ಹಸಿ ಕಾಳಿನ ನ್ಯಾಯವೇ ಅದು.

ಇದನ್ನು ಹೇಳಿ ರೈತ ಚಳವಳಿಯನ್ನು ಹಂಗಿಸುವ ಉದ್ದೇಶ ನನಗಿಲ್ಲ. ಆ ಚಳವಳಿ ಇಲ್ಲದಿದ್ದರೆ 39ನೆಯ ಕಲಮು ಬರುತ್ತಿತ್ತೋ ಇಲ್ಲವೋ. ತಪ್ಪು ನಮ್ಮ ಕಡೆಯೂ ಇತ್ತು. ದಲಿತ ಚಳವಳಿ ಭೂಮಿ ಕೇಳಿತು, ಅಕ್ಷರ ಕೇಳಿತು, ಮಾನ ಕೇಳಿತು, ಬೀಜ ಕೇಳಲಿಲ್ಲ. ಭೂಮಿ ಇಲ್ಲದೆ ಬೀಜ ಯಾಕೆ ಎಂದು ನಾವೂ ಅಂದುಕೊಂಡೆವು. ಬಸವಲಿಂಗಪ್ಪನವರು 1973ರಲ್ಲಿ ಬೂಸಾ ಎಂದಾಗ ಹೊಟ್ಟು ಯಾವುದು, ಕಾಳು ಯಾವುದು ಎಂದು ಸಾಹಿತ್ಯವನ್ನು ಕೇರಿದ ನಾವು, ನಿಜವಾದ ಕಾಳನ್ನು ಕೇರುತ್ತಿದ್ದ ನಮ್ಮ ಅಜ್ಜಿಯರನ್ನು ವಿಚಾರಿಸಲಿಲ್ಲ.

ಅಷ್ಟರಲ್ಲಿ ಮಡಕೆ ಬರಿದಾಗಿತ್ತು. ಬರಿದು ಮಾಡಿದ್ದು ಡಂಕೆಲ್ ಅಲ್ಲ, ಮಾನ್ಸಾಂಟೋ ಅಲ್ಲ. ಕೂಲಿ ದುಡ್ಡಾಯಿತು. ಆಯದ ಪದ್ಧತಿ ಹೋಯಿತು. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯಿದೆ ಕಾಗದದ ಮೇಲೆ ಮಾಡಿದ್ದನ್ನು ನಮ್ಮ ಕೇರಿಯ ಹುಡುಗರು ಕಣಕ್ಕೆ ಹೋಗುವುದಿಲ್ಲ ಎಂದು ಕೂತು ನಿಜ ಮಾಡಿದರು. ನಮ್ಮವ್ವ ಕಣ ಗುಡಿಸುವುದನ್ನು ಬಿಟ್ಟಳು. ರೇಷನ್ ಅಕ್ಕಿ ಬಂತು, 2013ರಿಂದ ಅನ್ನಭಾಗ್ಯ. ಮಣ್ಣು ಬೆರೆತ ಕಾಳಿಗಾಗಿ ಯಾರ ಮುಂದೆಯೂ ಸೆರಗೊಡ್ಡಬೇಕಿಲ್ಲ. ನಮಗೆ ಇದು ಬಿಡುಗಡೆ. ಬೀಜಕ್ಕೆ ಕೊನೆ. ಎರಡೂ ಒಂದೇ ದಿನ, ಒಂದೇ ಮನೆಯಲ್ಲಿ ಆಯಿತು. ತಳಿ ನಾಶದ ಚರಿತ್ರೆ ಬರೆಯುವ ದೇಸಿವಾದಿ ಗೆಳೆಯರು ಈ ಗಂಟನ್ನು ಬಿಚ್ಚದೆ ಮುಂದೆ ಹೋಗುತ್ತಾರೆ. 'ಹಿಂದೆ ಎಷ್ಟು ವೈವಿಧ್ಯ ಇತ್ತು!' ಎಂದಾಗ ನನಗೆ ಕಾಣುವುದು ಮಡಕೆ ಮಾತ್ರವಲ್ಲ, ಮಡಕೆ ತುಂಬಿದ ಬಗೆ. ಆ ಬಗೆ ಮತ್ತೆ ಬೇಡ. ಬೀಜ ಬೇಕು. ಹಾಗಾದರೆ ದಾರಿ ಯಾವುದು?

ಕಿರುಧಾನ್ಯ ಸಿರಿಧಾನ್ಯವಾಗಿದೆ. 2023ನ್ನು ವಿಶ್ವಸಂಸ್ಥೆ ಅವುಗಳ ವರ್ಷವೆಂದು ಘೋಷಿಸಿತು. ನಾವು ಉಂಡು ಹೀನಾಯ ಅನುಭವಿಸಿದ ಸಾಮೆ, ನವಣೆ, ಹಾರಕಗಳು ಅಂಗಡಿಯಲ್ಲಿ ಅಕ್ಕಿಗಿಂತ ದುಬಾರಿ. ಬೀಜ ಮೇಳಗಳು ನಡೆಯುತ್ತವೆ, ಸಹಜ ಸಮೃದ್ಧದಂಥ ಸಂಸ್ಥೆಗಳು ಪ್ರಾಮಾಣಿಕವಾಗಿ ದುಡಿದಿವೆ. ಕಾಯಿದೆಯ 41ನೆಯ ಕಲಮು ಒಂದು ತಳಿ ರೂಪುಗೊಳ್ಳಲು ಕಾರಣವಾದ ಊರು ಅಥವಾ ಸ್ಥಳೀಯ ಸಮುದಾಯದ ಪರವಾಗಿ ಹಕ್ಕು ಕೇಳಬಹುದು ಎನ್ನುತ್ತದೆ. ಊರು! 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯ ಬಗ್ಗೆ ಏನು ಹೇಳಿದರೆಂದು ಈ ಪತ್ರಿಕೆಯ ಓದುಗರಿಗೆ ನೆನಪಿಸಬೇಕಿಲ್ಲ. ಊರಿನ ಹೆಸರಲ್ಲಿ ಬಂದ ಹಕ್ಕು ಕೇರಿಗೆ ಎಷ್ಟು ತಲುಪುತ್ತದೆ? ಜೀವವೈವಿಧ್ಯ ಕಾಯಿದೆ ಪಂಚಾಯಿತಿಗೊಂದು ಸಮಿತಿ ಮಾಡಿತು. 2004ರ ನಿಯಮಗಳಲ್ಲಿ ನಾಮಕರಣಗೊಳ್ಳುವ ಆರು ಜನರಲ್ಲಿ ಪರಿಶಿಷ್ಟರು ಶೇಕಡಾ 18ಕ್ಕೆ ಕಡಿಮೆ ಇರಬಾರದು ಎಂದಿತ್ತು. ಆರರಲ್ಲಿ ಹದಿನೆಂಟು ಪರ್ಸೆಂಟು ಅಂದರೆ ಒಬ್ಬ, ಮತ್ತೊಂದು ಚೂರು. ಒಂದು ಕಡೆ ಅಂಥ ಸಮಿತಿಯ ದಾಖಲಾತಿ ಪುಸ್ತಕ ನೋಡಿದೆ. ತಳಿಯ ಹೆಸರು ಇತ್ತು, ಅದನ್ನು 'ಸಂರಕ್ಷಿಸಿದವರು' ಎಂಬ ಕಡೆ ಪಹಣಿ ಯಾರ ಹೆಸರಿಗಿದೆಯೋ ಅವರ ಹೆಸರು ಇತ್ತು. ಬರೆದವರು ಮೋಸ ಮಾಡಿದ್ದಲ್ಲ. ಅವರಿಗೆ ಬೇರೆ ಹೆಸರು ಹೊಳೆದಿಲ್ಲ.

ಹಾಗಾಗಿ ನಾನು ವಾದಿಸುವುದು ಇಷ್ಟು. ರೈತನ ವ್ಯಾಖ್ಯೆಯ ಮೂರನೆಯ ಬಗೆಯಲ್ಲಿ, ಕಾಪಾಡಿದವರು, ಆಯ್ದವರು ಎಂಬಲ್ಲಿ, ಭೂಮಿಯ ಮಾತಿಲ್ಲ. ಪಹಣಿ ಇಲ್ಲದ ಹೆಂಗಸೂ ಅಲ್ಲಿ ರೈತಳಾಗಬಹುದು. ಅದನ್ನು ನಮ್ಮವರು ಹಿಡಿಯಬೇಕು. ದಾಖಲಾತಿಯಲ್ಲಿ ಕೈಯ ಹೆಸರು ಬರೆಸಬೇಕು. ಆದರೆ ಹೆಸರು ಬರೆಸಿದ ಬೀಜ ಅಟ್ಟದ ಮೇಲೆ ಬದುಕುವುದಿಲ್ಲ. ವರ್ಷಕ್ಕೊಮ್ಮೆ, ತಪ್ಪಿದರೆ ಎರಡು ವರ್ಷಕ್ಕೊಮ್ಮೆ, ನೆಲ ಕಾಣಬೇಕು. ಬೀಜದ ಹಕ್ಕು ತಿರುಗಿ ತಿರುಗಿ ಬಂದು ನಿಲ್ಲುವುದು 1978ರ ಪಿ.ಟಿ.ಸಿ.ಎಲ್. ಕಾಯಿದೆಯ ಬಾಗಿಲಲ್ಲಿ.

ನಮ್ಮ ಮನೆಯ ಉದಾಹರಣೆಯನ್ನೇ ಹೇಳುತ್ತೇನೆ. ದೊಡ್ಡಪ್ಪನಿಗೆ ಸರ್ಕಾರ ಮಂಜೂರು ಮಾಡಿದ್ದ ಎರಡೆಕರೆ ಮಸಾರಿ ಒಂದು ಬರದಲ್ಲಿ ಕೈಬಿಟ್ಟುಹೋಯಿತು. ಮಂಜೂರಾದ ಜಮೀನಿನ ಪರಭಾರೆ ಅಸಿಂಧು ಎಂದು ಗೊತ್ತಾಗಿ ಅರ್ಜಿ ಹಾಕುವ ಹೊತ್ತಿಗೆ ವರ್ಷಗಳು ಕಳೆದಿದ್ದವು. 2017ರಲ್ಲಿ ಸುಪ್ರೀಂ ಕೋರ್ಟು ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಇಂಥ ಅರ್ಜಿ ಸಮಂಜಸ ಕಾಲದೊಳಗೆ ಬರಬೇಕು ಎಂದ ಮೇಲೆ ಎಷ್ಟೋ ಅರ್ಜಿಗಳ ಜೊತೆ ನಮ್ಮದೂ ಬಿದ್ದಿತು. 2023ರಲ್ಲಿ ರಾಜ್ಯ ಕಾಯಿದೆಗೆ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಎಂದಿತು. ಮತ್ತೆ ಅರ್ಜಿ ಹಾಕಿದ್ದೇವೆ.

ದೊಡ್ಡಮ್ಮ ಈಗಲೂ ಹಿತ್ತಲಲ್ಲಿ ನಾಲ್ಕು ತೊಗರಿ ಗಿಡ ಹಾಕುತ್ತಾಳೆ. ಕೆಮ್ಮಣ್ಣು ಕಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಡುತ್ತಾಳೆ. ಆ ತೊಗರಿ ಅಜ್ಜಿಯ ಮಡಕೆಯದೇ. ಈ ಲೇಖನ ಬರೆಯುವ ಮುಂಚೆ ಊರಿಗೆ ಹೋದಾಗ ಕೇಳಿದೆ: ಆ ಎರಡೆಕರೆ ಬಂತು ಅಂತಿಟ್ಕೋ, ಮೊದಲ್ನೇ ಮಳೆಗೆ ಏನು ಬಿತ್ತುತೀಯ? ಹಸಿರುಕಂಬಿ ಎನ್ನುತ್ತಾಳೇನೋ ಎಂದು ಕಾದೆ. ಭದ್ರಾ ಮೇಲ್ದಂಡೆಯ ಸುರಂಗ ಅಜ್ಜಂಪುರದ ಹತ್ತಿರವೇ ಹಾದಿದೆ, ಕೆರೆಗಳಿಗೆ ನೀರು ಬರುತ್ತದೆ ಎಂಬ ಮಾತು ಅವಳ ಕಿವಿಗೂ ಬಿದ್ದಿದೆ.

'ಬೋರು ಬಿದ್ರೆ ಅಡಿಕೆ ಕಣೋ' ಎಂದಳು. 'ಅವ್ರೆಲ್ಲ ಹಾಕ್ಕಂಡು ಮನೆ ಕಟ್ಟಿಲ್ವೇನು?'

ನಾನು ಸುಮ್ಮನಾದೆ. ತೊಗರಿ ಒಂದು ಹಿಡಿ ಆದರೂ ಇಟ್ಟಿರು ಎಂದೆ.

'ಅದು ಬದುವಿಗೆ' ಎಂದಳು ದೊಡ್ಡಮ್ಮ, ಡಬ್ಬಿಯ ಮುಚ್ಚಳ ತಿರುಗಿಸುತ್ತಾ.